ಉಪ್ಪಿನ ಬಟ್ಟಲಿನೊಳಗೆ ನೀಲಿ ಗಾಜು ಯಾಕೆ?

ಪ್ರಶ್ನೆ: ಕೆಜಿಎಫ್‌ನ ಹಳೇ ಬಂಗಲೆಯೊಂದರ ಸಾಮಾನಿನಲ್ಲಿ ಪುಟ್ಟ ಬೆಳ್ಳಿ ಬಟ್ಟಲು ಸಿಕ್ಕಿತು. ಒಳಗೆ ನೀಲಿ ಗಾಜಿನ ಕುಡಿಕೆ ಕೂತಿದೆ. ಅದು ಯಾಕೆ? ಅದನ್ನು ತೆಗೆದು ಬೆಳ್ಳಿಯನ್ನಷ್ಟೇ ಇಟ್ಟುಕೊಂಡರೆ ಆಗದೇ?

ಉತ್ತರ: ತೆಗೆಯಬೇಡಿ. ಅದು ಊಟದ ಮೇಜಿನ ಉಪ್ಪಿನ ಬಟ್ಟಲು. ಉಪ್ಪಿಗೂ ಬೆಳ್ಳಿಗೂ ಎಣ್ಣೆ–ಸೀಗೆಕಾಯಿ ಸಂಬಂಧ. ತೇವ ಸಿಕ್ಕರೆ ಸಾಕು, ಉಪ್ಪಿನ ಕ್ಲೋರೈಡ್ ಲೋಹವನ್ನು ಕೊರೆಯಲು ಶುರುಮಾಡುತ್ತದೆ. ಇಂಗ್ಲಿಷರ ‘ಸ್ಟರ್ಲಿಂಗ್’ ಬೆಳ್ಳಿ ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಮಿಕ್ಕಿದ್ದು ಹೆಚ್ಚಾಗಿ ತಾಮ್ರ. ಆ ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ. ಕಪ್ಪಾದ ಬೆಳ್ಳಿಯನ್ನು ತಿಕ್ಕಿ ಬೆಳಗಬಹುದು, ಉಪ್ಪು ತಿಂದು ಬಿದ್ದ ಗುಳಿಯನ್ನು ಯಾವ ತಿಕ್ಕಾಟವೂ ಮುಚ್ಚದು. ನಾನೇ ಒಮ್ಮೆ ಮಳೆಗಾಲವಿಡೀ ಗಾಜಿಲ್ಲದ ಬಟ್ಟಲಲ್ಲಿ ಉಪ್ಪು ಮರೆತು, ಅದರ ತಳವನ್ನು ಸಿಡುಬಿನ ಮುಖ ಮಾಡಿಟ್ಟಿದ್ದೇನೆ.

ನಮ್ಮ ಅಜ್ಜಿಯರು ಉಪ್ಪನ್ನು ಕಲ್ಲುಮರಿಗೆಯಲ್ಲೂ ಉಪ್ಪಿನಕಾಯಿಯನ್ನು ಜಾಡಿಯಲ್ಲೂ ಇಡುತ್ತಿದ್ದುದು ಇದೇ ಬುದ್ಧಿಯಿಂದ. ಇಂಗ್ಲಿಷರು ಗಾಜು ಕೂರಿಸಿದರು, ಇಲ್ಲವೇ ಒಳಮೈಗೆ ಚಿನ್ನದ ನೀರು ಹಾಕಿಸಿದರು. ಸಾಸಿವೆ ಕುಡಿಕೆಗೂ ಅದೇ ಉಪಾಯ. ಸಾಸಿವೆಯ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ನೀಲಿ ಬಣ್ಣ ಬರುವುದು ಕೋಬಾಲ್ಟಿನಿಂದ. ಬಟ್ಟಲಿನ ಗೋಡೆಯಲ್ಲಿ ಜಾಲರಿ ಕೆತ್ತನೆಯಿದ್ದರೆ ಆ ನೀಲಿ ಹಿಂದಿನಿಂದ ಇಣುಕುತ್ತದೆ. ಅಂಥ ಬಟ್ಟಲಿನಿಂದ ಗಾಜು ತೆಗೆದರೆ ಉಳಿಯುವುದು ಬರೀ ಜರಡಿ.

ಇನ್ನು, ಅದು ಬೆಳ್ಳಿಯೇ ಎಂದು ಮೊದಲು ಖಚಿತಮಾಡಿಕೊಳ್ಳಿ. 1880ರಲ್ಲಿ ಇಂಗ್ಲಿಷರ ಜಾನ್ ಟೇಲರ್ ಕಂಪನಿ ಕೆಜಿಎಫ್‌ನ ಚಿನ್ನದ ಗಣಿಗೆ ಕಾಲಿಟ್ಟ ಮೇಲೆ ಬಂದ ದೊರೆಗಳ ಮೇಜಿನ ಮೇಲಿದ್ದುದೆಲ್ಲ ಬೆಳ್ಳಿಯಲ್ಲ. ಭೂತಗನ್ನಡಿ ಹಿಡಿದು ತಳ ನೋಡಿ. ನಡೆಯುವ ಸಿಂಹದ ಮುದ್ರೆಯಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್. ಜೊತೆಗೆ ಲಂಗರು ಇದ್ದರೆ ಪರೀಕ್ಷಿಸಿ ಮುದ್ರೆಯೊತ್ತಿದ ಊರು ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಪಕ್ಕದ ಒಂಟಿ ಅಕ್ಷರ ವರ್ಷ ಹೇಳುತ್ತದೆ. ‘ಇಪಿಎನ್‌ಎಸ್’ ಎಂದಿದ್ದರೆ ತಾಮ್ರ, ನಿಕ್ಕಲ್, ಸತು ಬೆರೆತ ಜರ್ಮನ್ ಸಿಲ್ವರಿಗೆ ವಿದ್ಯುತ್ತಿನಿಂದ ಬೆಳ್ಳಿ ಲೇಪ ಕೊಟ್ಟದ್ದು. ಆ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಪೇಟೆಂಟ್ ಪಡೆದದ್ದು 1840ರಲ್ಲಿ, ಹಾಗಾಗಿ ‘ಇದು ಟಿಪ್ಪು ಕಾಲದ್ದು ಸಾರ್’ ಎನ್ನುವ ಮಾರಾಟಗಾರನಿಗೆ ನಕ್ಕು ಮುಂದೆ ಹೋಗಿ. ಸಿಂಹವಿಲ್ಲ ಎಂದೊಡನೆ ಎಸೆಯಲೂ ಬೇಡಿ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥವರು ಇಲ್ಲೇ ಮಾಡಿಸಿದ ಬೆಳ್ಳಿಯ ಮೇಲೆ ಸಿಂಹವಿರುವುದಿಲ್ಲ, ಅವರ ಹೆಸರಿನ ಮುದ್ರೆಯಿರುತ್ತದೆ.

ಗಾಜು ಹಳೆಯದೋ ಹೊಸದೋ? ಮಗುಚಿ ತಳದ ನಡುವೆ ಬೆರಳಾಡಿಸಿ. ಕೊಳವೆಯಲ್ಲಿ ಊದಿ ಮಾಡಿದ ಹಳೆಯ ಗಾಜಾದರೆ, ಅದನ್ನು ಹಿಡಿದಿದ್ದ ಸರಳನ್ನು ಮುರಿದು ಬಿಡಿಸಿದ ಗುರುತು, ಅಥವಾ ಅದನ್ನು ಉಜ್ಜಿ ನಯ ಮಾಡಿದ ಸಣ್ಣ ಗುಳಿ ಸಿಗುತ್ತದೆ. ಗಾಜು ಗಡಗಡ ಅಲ್ಲಾಡಿದರೆ ಆಮೇಲೆ ತಂದು ಕೂರಿಸಿದ್ದಿರಬಹುದು. ಬೆಲೆ ಸ್ವಲ್ಪ ಇಳಿಯುತ್ತದೆ, ಆದರೂ ಇಲ್ಲದ್ದಕ್ಕಿಂತ ವಾಸಿ.

ಹುಣಸೆಹಣ್ಣು, ಬೂದಿ ಮುಟ್ಟಿಸಬೇಡಿ. ಲೇಪದ ವಸ್ತುವಾದರೆ ನಾಲ್ಕು ಹಬ್ಬದೊಳಗೆ ಒಳಗಿನ ಲೋಹ ಇಣುಕೀತು. ಸೋಪಿನ ಬೆಚ್ಚನೆ ನೀರು, ಹತ್ತಿ ಬಟ್ಟೆ ಸಾಕು. ತೂಕಕ್ಕೆ ಹಾಕಿ ಕರಗಿಸುವವನ ಬಳಿಗಂತೂ ಒಯ್ಯಲೇಬೇಡಿ.

ಮತ್ತೆ, ಬಟ್ಟಲು ಸಿಕ್ಕ ಪೆಟ್ಟಿಗೆಯಲ್ಲಿ ಇನ್ನೊಮ್ಮೆ ಕೈಯಾಡಿಸಿ. ಕಿರುಬೆರಳುದ್ದದ ಉಪ್ಪಿನ ಚಮಚವೊಂದು ಮೂಲೆಯಲ್ಲಿ ಬಿದ್ದಿದ್ದರೂ ಬಿದ್ದಿರಬಹುದು.