ಒಂಟಿ ಪಯಣಕ್ಕೆ ಮೊದಲು: ನೀರು, ಮಾತ್ರೆ, ಮೊದಲ ರಾತ್ರಿ

ಇಳಿವಯಸ್ಸಿನಲ್ಲಿ ಒಬ್ಬರೇ ಹೊರಡುವವರಿಗೆ ಹೆಚ್ಚಾಗಿ ಕಳ್ಳರದೇ ಭಯ. ವೈದ್ಯರು ಭಯಪಡುವುದು ಬೇರೆಯದಕ್ಕೆ: ಮಾತ್ರೆಯ ಹೊತ್ತು ತಪ್ಪುವುದು, ನೀರು ಕುಡಿಯದೆ ತಲೆಸುತ್ತುವುದು, ಗೊತ್ತಿಲ್ಲದ ಕೋಣೆಯಲ್ಲಿ ರಾತ್ರಿ ಎಡವುವುದು.

ಶೌಚಾಲಯ ಸಿಗುತ್ತದೋ ಇಲ್ಲವೋ ಎಂದು ಹಿಂದಿನ ದಿನದಿಂದಲೇ ನೀರು ಕಡಿಮೆ ಮಾಡುವವರಿದ್ದಾರೆ. ವಯಸ್ಸಾದಂತೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ; ವಿಮಾನದೊಳಗಂತೂ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ. ಜೊತೆಗೆ ಬಿಪಿ ಮಾತ್ರೆಯೂ ಇದ್ದರೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ನೀರು ಬಿಡಬೇಡಿ, ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ. ನಾಲ್ಕು ಗಂಟೆ ಮೀರಿ ಕೂತಲ್ಲೇ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ ಆಗಾಗ ಎದ್ದು ಓಡಾಡುವುದು ಹೇಗೂ ಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಆ ದಿನ ತಾವಾಗಿಯೇ ಬಿಡುವುದು ಬೇಡ. ಹೊತ್ತು ಬದಲಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇರುವವರು ಆ ಮಿತಿಯನ್ನೇ ಪಾಲಿಸಬೇಕು.

ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ, ಒಂದು ವಾರಕ್ಕೆ ಹೆಚ್ಚುವರಿಯಾಗಿ. ಜಾಗ ಉಳಿಸಲು ಸ್ಟ್ರಿಪ್ ಕತ್ತರಿಸುವ ಅಭ್ಯಾಸ ಅಪಾಯದ್ದು: ಆ ತುಂಡಿನಲ್ಲಿ ಹೆಸರೂ ಉಳಿಯದು, ಅವಧಿ ಮುಗಿಯುವ ದಿನಾಂಕವೂ ಉಳಿಯದು. ಚೀಟಿಯಲ್ಲಿ ಬ್ರ್ಯಾಂಡಿನ ಜೊತೆ ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ಬರೆಸಿಕೊಳ್ಳಿ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಇನ್ಸುಲಿನ್ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ವಿಮಾನದ ಸರಕು ಭಾಗಕ್ಕೆ ಹಾಕಿದರೆ ಹೆಪ್ಪುಗಟ್ಟಬಹುದು, ಐಸ್ ಪ್ಯಾಕಿಗೆ ನೇರವಾಗಿ ತಾಗಿದರೂ ಅಷ್ಟೇ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಬಳಕೆಯಲ್ಲಿರುವ ಹೆಚ್ಚಿನ ಬಗೆಯ ಇನ್ಸುಲಿನ್ 30 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಸುಮಾರು 28 ದಿನ ಫ್ರಿಜ್ ಇಲ್ಲದೆಯೂ ಉಳಿಯುತ್ತದೆ, ಪೊಟ್ಟಣದ ಮೇಲೆ ಬರೆದದ್ದೇ ಅಂತಿಮ. ದೂರದ ದೇಶವಾದರೆ ಪೂರ್ವಕ್ಕೆ ಹೋಗುವಾಗ ದಿನ ಗಿಡ್ಡವಾಗುತ್ತದೆ, ಪಶ್ಚಿಮಕ್ಕೆ ಉದ್ದವಾಗುತ್ತದೆ. ಯಾವ ಗಂಟೆಗೆ ಎಷ್ಟು ಯೂನಿಟ್ ಎಂದು ವೈದ್ಯರಿಂದ ಬರೆಸಿಕೊಂಡೇ ಹೊರಡಿ.

ವಾಂತಿ ತಡೆಯಲೆಂದು ಪಕ್ಕದವರು ಕೊಟ್ಟ ಮಾತ್ರೆ ನುಂಗುವುದೂ ಉಂಟು. ಕೊಡುವವರ ಮನಸ್ಸು ಒಳ್ಳೆಯದೇ, ಮಾತ್ರೆ ಒಳ್ಳೆಯದಲ್ಲ. ಪ್ರೊಮೆಥಜೀನ್‌ನಂಥ ಔಷಧ ಹಿರಿಯರಲ್ಲಿ ಮಂಪರು, ಗಲಿಬಿಲಿ ತರುತ್ತದೆ. ಪ್ರೊಸ್ಟೇಟ್ ಊದಿಕೊಂಡ ಗಂಡಸರಿಗೆ ಮೂತ್ರ ಕಟ್ಟಿಬಿಡಬಹುದು.

ಇಳಿದುಕೊಳ್ಳುವ ಕೋಣೆಗೆ ಹೋದ ಕೂಡಲೇ, ಬೆಳಕಿರುವಾಗಲೇ, ಮಂಚದಿಂದ ಬಚ್ಚಲಿಗೆ ಒಮ್ಮೆ ನಡೆದು ನೋಡಿ. ದಾರಿಯಲ್ಲಿರುವ ಪೆಟ್ಟಿಗೆ, ಜಾರುವ ಮ್ಯಾಟ್ ಸರಿಸಿ. ರಾತ್ರಿ ಬಚ್ಚಲಿನ ದೀಪ ಉರಿಯಲಿ. ಎಚ್ಚರವಾದಾಗ ತಟ್ಟನೆ ಎದ್ದು ನಡೆಯದೆ ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂತು, ಪಾದ ಆಡಿಸಿ, ಆಮೇಲೆ ಏಳಿ. ಒಬ್ಬರೇ ಇರುವಾಗ ಬಚ್ಚಲಿನ ಚಿಲಕ ಹಾಕುವ ಅಗತ್ಯವಿಲ್ಲ. ಫೋನನ್ನು ಒಳಗೆ ಒಯ್ಯಿರಿ, ಎತ್ತರದ ಕಪಾಟಿನಲ್ಲಲ್ಲ, ಬಿದ್ದರೂ ನೆಲದಿಂದ ಕೈಗೆಟಕುವ ಕಡೆ ಇಡಿ.