ಬಿಸಿಲೂರಿನಲ್ಲಿ ಚಳಿ ಹಿಡಿದ ಎಂಜಿನ್

ಮಾನ್ವಿಯಿಂದ ಹೊರಟು ರಾಯಚೂರು ಸೇರುವವರೆಗೆ ಕಾರು ಸರಿಯಾಗಿಯೇ ಓಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಸ್ಟಿಯರಿಂಗ್ ಅಲುಗುವಷ್ಟು ನಡುಕ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ, 800ರ ಆಸುಪಾಸಿನಲ್ಲಿ ನಿಲ್ಲಬೇಕಾದ ಆರ್‌ಪಿಎಂ ಮುಳ್ಳು ಏರುತ್ತ ಇಳಿಯುತ್ತ ತಡಕಾಡುತ್ತಿತ್ತು. ಹಿಂದೆ ಕಪ್ಪು ಹೊಗೆ, ಹಸಿ ಪೆಟ್ರೋಲಿನ ವಾಸನೆ. ಪ್ಲಗ್ ಬದಲಿಸಿದೆ, ಥ್ರಾಟಲ್ ಶುಚಿ ಮಾಡಿಸಿದೆ. ವಾರದೊಳಗೆ ಹೊಸ ಪ್ಲಗ್‌ಗಳ ತುದಿಗೂ ಮಸಿ ಹತ್ತಿತು.

ಗ್ಯಾರೇಜಿನ ಉಸ್ತಾದರು ಆ ಮಸಿಯನ್ನು ಬೆರಳಿಗೆ ಉಜ್ಜಿ ನೋಡಿ, "ಚೋಕ್ ಎಳೆದು ಮರೆತ ಸ್ಕೂಟರ್ ಹೀಗೇ ಮಾಡುತ್ತಿತ್ತು ಸರ್" ಎಂದರು. ನನ್ನ ಕಾರಿಗೆ ಚೋಕ್ ಇಲ್ಲ. ಆದರೆ ಅವರ ಮಾತು ನೇರವಾಗಿ ರೋಗದ ಬುಡಕ್ಕೇ ಹೋಗಿತ್ತು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹೆಚ್ಚು ಸುರಿಯಬೇಕಾಗುತ್ತದೆ. ಹಿಂದೆ ನಾವು ಚೋಕ್ ಎಳೆದು ಮಾಡುತ್ತಿದ್ದ ಈ ಕೆಲಸವನ್ನು ಈಗ ಕಾರಿನ ಕಂಪ್ಯೂಟರ್ ಮಾಡುತ್ತದೆ. ಎಂಜಿನ್ ಕಾದಿದೆಯೋ ಇಲ್ಲವೋ ಎಂದು ಅದಕ್ಕೆ ತಿಳಿಸುವುದು ಎಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನಲ್ಲಿ ಮುಳುಗಿರುವ ಹೆಬ್ಬೆರಳಿನಷ್ಟು ಗಾತ್ರದ ಒಂದು ಸೆನ್ಸರ್. ತಂಪಾದಷ್ಟೂ ಅದರ ವಿದ್ಯುತ್ ರೋಧ ಹೆಚ್ಚುತ್ತದೆ, ಕಾದಷ್ಟೂ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2500 ಓಮ್ ಇದ್ದದ್ದು 90 ಡಿಗ್ರಿಯಲ್ಲಿ 240ರ ಹತ್ತಿರ ಬರುತ್ತದೆ.

ಕಂಪ್ಯೂಟರ್ ಬರೆದಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಹಚ್ಚಿದಾಗ ಯಾವ ದೋಷವೂ ಕಾಣಲಿಲ್ಲ. ಉಸ್ತಾದರು ಅಲ್ಲಿಗೆ ಬಿಡದೆ, ಸೆನ್ಸರ್‌ಗಳು ಆ ಕ್ಷಣ ಹೇಳುತ್ತಿದ್ದ ಅಂಕಿಗಳನ್ನು ತೆರೆದರು. ಕೂಲೆಂಟ್ 39 ಡಿಗ್ರಿ! ಶೆಡ್ಡಿನ ಹೊರಗೆ ಮೇ ತಿಂಗಳ ಬಿಸಿಲು 41 ಡಿಗ್ರಿ ಇತ್ತು. ಒಂದು ಗಂಟೆ ಓಡಿ ಬಂದ ಎಂಜಿನ್ ರಾಯಚೂರಿನ ರಸ್ತೆಗಿಂತ ತಂಪಾಗಿರಲು ಹೇಗೆ ಸಾಧ್ಯ?

ಕಾರನ್ನು ರಾತ್ರಿಯಿಡೀ ಅಲ್ಲೇ ಬಿಟ್ಟೆ. ಅಷ್ಟು ಹೊತ್ತು ನಿಂತ ಕಾರಿನಲ್ಲಿ ಎಲ್ಲ ಭಾಗಗಳೂ ಹೆಚ್ಚುಕಡಿಮೆ ಒಂದೇ ಉಷ್ಣತೆಗೆ ಬರುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಓದಿದರು: ಒಳಬರುವ ಗಾಳಿ 30, ಕೂಲೆಂಟ್ 18. ಈ ಹೋಲಿಕೆಗೆ ಖರ್ಚಿಲ್ಲ, ಬಿಚ್ಚುವ ಕೆಲಸವೂ ಇಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡುವವರು ಮೊದಲು ಇದನ್ನು ಮಾಡಲಿ ಎಂದು ನನ್ನ ಕಳಕಳಿಯ ಕೋರಿಕೆ.

ಸೆನ್ಸರ್‌ಗೆ ತಂತಿ ಸೇರುವ ಸಾಕೆಟ್ ಕಳಚಿ, ಕಾದ ಸೆನ್ಸರ್ ಅನ್ನು ಮಲ್ಟಿಮೀಟರಿನಿಂದ ಅಳೆದಾಗ 240 ಓಮ್ ಬಂತು. ಸೆನ್ಸರ್ ಸತ್ಯವನ್ನೇ ಹೇಳುತ್ತಿತ್ತು! ಆ ಸತ್ಯ ಕೆಟ್ಟದ್ದು ಕಂಪ್ಯೂಟರ್‌ಗೆ ಹೋಗುವ ದಾರಿಯಲ್ಲಿ: ಸಾಕೆಟ್ಟಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಸುಮಾರು ಸಾವಿರ ಓಮ್ ಸೇರಿಕೊಂಡಿತ್ತು. ಬೆಳಗಿನ ತಂಪಿನಲ್ಲಿ ಇರುವ 1700ಕ್ಕೆ ಸಾವಿರ ಸೇರಿದರೆ ತಪ್ಪುವುದು ಹನ್ನೆರಡು ಡಿಗ್ರಿ. ಕಾದಾಗಿನ 240ಕ್ಕೆ ಅದೇ ಸಾವಿರ ಸೇರಿದರೆ ಐವತ್ತು ಡಿಗ್ರಿಯೇ ಮಾಯ. ಕಾರು ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನ ನಡುಗುತ್ತಿದ್ದುದು ಏಕೆಂದು ಆಗ ನನಗೆ ಅರ್ಥವಾಯಿತು.

ತಂತಿ ಪೂರ್ತಿ ಕಡಿದಿದ್ದರೆ ಓದು ಮೈನಸ್ 40ಕ್ಕೆ ಜಾರಿ, ಇದು ಅಸಾಧ್ಯವೆಂದು ಕಂಪ್ಯೂಟರ್ ಎಚ್ಚರಿಕೆಯ ದೀಪ ಹೊತ್ತಿಸುತ್ತಿತ್ತು. 39 ಡಿಗ್ರಿ ನಂಬಬಹುದಾದ ಅಂಕಿ, ಅದಕ್ಕೇ ನನ್ನ ಹಳೆಯ ಕಾರು ನಂಬಿತು. ಎಂಜಿನ್ ಇನ್ನೂ ಕಾದಿಲ್ಲವೆಂದುಕೊಂಡು, ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ "ಪೆಟ್ರೋಲ್ ಜಾಸ್ತಿ" ಎಂದು ಕೂಗಿದರೂ ಕಿವಿಗೊಡಲಿಲ್ಲ.

ನನ್ನನ್ನು ನಿಜಕ್ಕೂ ಹೆದರಿಸಿದ ಸಂಗತಿ ಬೇರೆ. ರೇಡಿಯೇಟರ್ ಫ್ಯಾನ್ ತಿರುಗಬೇಕೇ ಎಂದು ಅನೇಕ ಕಾರುಗಳು ಕೇಳುವುದೂ ಇದೇ ಸೆನ್ಸರ್ ಅನ್ನು. ನನ್ನದೂ ಹಾಗೆಯೇ. ಎಸಿ ಹಾಕಿದಾಗ ಫ್ಯಾನ್ ತಾನಾಗಿ ತಿರುಗುತ್ತಿದ್ದುದರಿಂದ ಇಷ್ಟು ದಿನ ಎಂಜಿನ್ ಕುದಿಯದೆ ಉಳಿದಿತ್ತು.

ಹೊಸ ಸಾಕೆಟ್ ಹಾಕಿ, ಪಿನ್ನುಗಳನ್ನು ಉಜ್ಜಿ, ಎಸಿ ಆರಿಸಿ ನಿಂತಲ್ಲೇ ಓಡಿಸಿದೆವು. ಮುಳ್ಳು 800ಕ್ಕೆ ಬಂದು ನಿಂತಿತು. ತೆರೆಯ ಮೇಲೆ 88, 92, 95... ಉಸ್ತಾದರು ಬಾನೆಟ್ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಫ್ಯಾನ್ ಗರ್ರೆಂದು ತಿರುಗಿತು.