ಸಾಲು ದಾಟುವ ಶಾರ್ಪ್: ನೊಟೇಶನ್ ಸಾಫ್ಟ್‌ವೇರ್‌ಗಳ ಒಂದು ಹಳೆಯ ತೊಡಕು

ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿಯಾದ ಸ್ಟಾಫ್ ನೊಟೇಶನ್ ಓದುವವರಿಗೆ ಈ ಪೇಚು ಚೆನ್ನಾಗಿ ಗೊತ್ತು. ಅದರಲ್ಲಿ ಸಂಗೀತವನ್ನು ತಾಳದ ಲೆಕ್ಕಕ್ಕೆ ಗೆರೆ ಎಳೆದು ಭಾಗ ಮಾಡಿರುತ್ತಾರೆ, ಒಂದೊಂದು ಭಾಗವೂ ಒಂದು ಬಾರ್. ಸಾಲಿನ ಕೊನೆಯ ಬಾರ್‌ನಲ್ಲಿ ಒಂದು ಎಫ್ ಸ್ವರ, ಅದರ ಎಡಕ್ಕೆ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಶಾರ್ಪ್ ಗುರುತು. ಆ ಸ್ವರದಿಂದ ಟೈ ಎಂಬ ಕಮಾನು ಗೆರೆ ಹೊರಟಿದೆ. ಅಂದರೆ ಸ್ವರವನ್ನು ಮುಂದಿನ ಬಾರ್‌ಗೂ ಎಳೆದುಕೊಂಡು ಹೋಗಬೇಕು. ಆದರೆ ಸಾಲು ಅಲ್ಲೇ ಮುಗಿದಿದೆ. ಕಣ್ಣು ಪುಟದ ಎಡ ತುದಿಗೆ ಹಾರಿ ಕೆಳಗಿನ ಸಾಲಿಗೆ ಬರುತ್ತದೆ. ಅಲ್ಲಿ ಚಿಕ್ಕದೊಂದು ಕಮಾನು, ಅದರ ಕೊನೆಗೆ ಬರೀ ಎಫ್. ಶಾರ್ಪ್ ಕಾಣುವುದಿಲ್ಲ.

ನಿಯಮ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ಏರಿಸುವ ಶಾರ್ಪ್, ಇಳಿಸುವ ಫ್ಲಾಟ್, ಎರಡನ್ನೂ ರದ್ದು ಮಾಡುವ ನ್ಯಾಚುರಲ್ ಇವಕ್ಕೆಲ್ಲ ಒಟ್ಟಾಗಿ ಆಕ್ಸಿಡೆಂಟಲ್ ಎನ್ನುತ್ತಾರೆ. ಒಂದು ಆಕ್ಸಿಡೆಂಟಲ್ ತಾನಿರುವ ಬಾರ್ ಮುಗಿಯುವ ತನಕ ನಡೆಯುತ್ತದೆ. ಟೈ ಇದ್ದರೆ ಮಾತ್ರ ಬಾರ್ ಗೆರೆಯನ್ನು ದಾಟುತ್ತದೆ, ಅದೂ ಆ ಒಂದು ಸ್ವರದ ಮಟ್ಟಿಗೆ. ಹಾಗಾಗಿ ಹೊಸ ಸಾಲಿನ ಆ ಎಫ್ ನಿಜಕ್ಕೂ ಎಫ್ ಶಾರ್ಪೇ. ಮೊದಲಿನಿಂದ ನುಡಿಸಿಕೊಂಡು ಬಂದವರಿಗೆ ತೊಂದರೆಯೂ ಆಗುವುದಿಲ್ಲ, ಸ್ವರ ಆಗಲೇ ಅವರ ಬೆರಳಲ್ಲಿದೆ.

ತೊಂದರೆ ಆಗುವುದು ಮಧ್ಯದಿಂದ ಶುರು ಮಾಡುವಾಗ. ಒಂದು ಅಭ್ಯಾಸದಲ್ಲಿ "41ನೇ ಬಾರ್‌ನಿಂದ ತಗೊಳ್ಳೋಣ" ಅಂದರು. ನನ್ನ ಹಾಳೆಯಲ್ಲಿ 41ನೇ ಬಾರ್ ಹೊಸ ಸಾಲಿನ ಮೊದಲ ಬಾರ್. ನಾನು ಕಂಡದ್ದನ್ನು ಕಂಡ ಹಾಗೆ ನುಡಿಸಿದೆ. ಪಕ್ಕದಲ್ಲಿದ್ದವರದು ಎಫ್ ಶಾರ್ಪ್, ನನ್ನದು ಎಫ್. ಮೂರು ಸಲ ನಿಲ್ಲಿಸಿದ ಮೇಲೆ ಹಿಂದಿನ ಸಾಲಿನ ಕೊನೆಯಲ್ಲಿದ್ದ ಶಾರ್ಪ್ ಕಣ್ಣಿಗೆ ಬಿತ್ತು. ಇಂಥ ಕಡೆ ಹೊಸ ಸಾಲಿನಲ್ಲಿ ಶಾರ್ಪನ್ನು ಇನ್ನೊಮ್ಮೆ ತೋರಿಸುವುದು ಓದುವವರಿಗೆ ಮಾಡುವ ದೊಡ್ಡ ಉಪಕಾರ ಅಂತ ಅವತ್ತಿನಿಂದ ನಾನು ನಂಬಿದ್ದೇನೆ. ಒಳ್ಳೆಯ ಮುದ್ರಕರು ಹಾಗೆ ತೋರಿಸುತ್ತ ಬಂದಿದ್ದಾರೆ ಕೂಡ. ಹಾಗಾದರೆ ಕಂಪ್ಯೂಟರಿಗೆ ಇದು ಇಷ್ಟು ವರ್ಷ ಯಾಕೆ ಕಷ್ಟವಾಯಿತು?

ಇದರ ಬೇರು ತುಂಬ ಹಿಂದಿದೆ. 11ನೇ ಶತಮಾನದಲ್ಲಿ ಇಟಲಿಯ ಸನ್ಯಾಸಿ ಗಿಡೋ ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಗಟ್ಟಿ ಮಾಡಿದ. ಆಗ ಎರಡು ರೂಪದಲ್ಲಿ ಬರುತ್ತಿದ್ದದ್ದು ಒಂದೇ ಸ್ವರ, ಬಿ. ಮೆದುವಾದ ಬಿ ಸ್ವರಕ್ಕೆ ದುಂಡಗಿನ ಅಕ್ಷರ, ಗಡುಸಾದ ಬಿ ಸ್ವರಕ್ಕೆ ಚೌಕದ ಅಕ್ಷರ. ದುಂಡು ಬಿ ಇಂದಿನ ಫ್ಲಾಟ್ ಆಯಿತು. ಚೌಕ ಬಿ ಮುಂದೆ ಕವಲೊಡೆದು ನ್ಯಾಚುರಲ್ ಮತ್ತು ಶಾರ್ಪ್ ಎರಡೂ ಆಯಿತು. ಆ ಚೌಕದ ಅಕ್ಷರ ನೋಡಲು ಎಚ್ ಥರ ಇತ್ತು. ಜರ್ಮನ್ ಭಾಷೆಯಲ್ಲಿ ಬಿ ನ್ಯಾಚುರಲ್‌ಗೆ ಇಂದಿಗೂ ಎಚ್ ಅಂತಲೇ ಹೆಸರು.

ಆ ಕಾಲದಲ್ಲಿ ಬಾರ್ ಗೆರೆ ಇರಲಿಲ್ಲ. 1501ರಲ್ಲಿ ವೆನಿಸ್‌ನಲ್ಲಿ ಒಟ್ಟಾವಿಯಾನೊ ಪೆಟ್ರುಚಿ ಅಚ್ಚಿನ ಮೊಳೆಗಳಿಂದ ಹಲವು ದನಿಗಳ ಸಂಗೀತವನ್ನು ಮುದ್ರಿಸಿದಾಗಲೂ ಗಾಯಕರ ಸಾಲುಗಳಲ್ಲಿ ಅದು ಇರಲಿಲ್ಲ. ಬಾರ್ ಇಲ್ಲ ಅಂದಮೇಲೆ ಬಾರ್ ಮುಗಿಯುವ ತನಕ ಎಂಬ ನಿಯಮವೂ ಇಲ್ಲ. ಗುರುತು ಹೆಚ್ಚು ಕಡಿಮೆ ತನ್ನ ಮುಂದಿನ ಸ್ವರಕ್ಕೆ ಮಾತ್ರ ಸೇರಿತ್ತು. ಆದರೆ ಸಾಲು ಮುರಿದಾಗ ಓದುವವರ ಕಣ್ಣು ತಡವರಿಸುತ್ತದೆ ಅನ್ನುವುದು ಆ ಕಾಲದ ಬರೆಯುವವರಿಗೆ ಚೆನ್ನಾಗಿ ಗೊತ್ತಿತ್ತು. ಸಾಲಿನ ಕೊನೆಯಲ್ಲಿ ಅವರೊಂದು ಚಿಕ್ಕ ಗುರುತು ಹಾಕುತ್ತಿದ್ದರು. ಹೆಸರು ಕುಸ್ಟೋಸ್, ಲ್ಯಾಟಿನ್‌ನಲ್ಲಿ ಕಾವಲುಗಾರ ಎಂದರ್ಥ. ಕೆಳಗಿನ ಸಾಲಿನ ಮೊದಲ ಸ್ವರ ಯಾವ ಎತ್ತರದಲ್ಲಿದೆ ಅಂತ ಅದು ಮೊದಲೇ ತೋರಿಸಿಬಿಡುತ್ತಿತ್ತು. ಗ್ರೆಗೋರಿಯನ್ ಗಾಯನದ ಪುಸ್ತಕಗಳಲ್ಲಿ ಇದು ಈಗಲೂ ಉಳಿದಿದೆ. ಬೇರೆ ಕಡೆ ಮಾಯವಾಯಿತು. ನನಗಂತೂ ಅದರ ಬಗ್ಗೆ ತುಂಬ ಪ್ರೀತಿ.

17ನೇ ಶತಮಾನದಲ್ಲಿ ಬಾರ್ ಗೆರೆ ರೂಢಿಗೆ ಬಂತು. ಗುರುತು ಬಾರ್ ಪೂರ್ತಿ ನಡೆಯುತ್ತದೆ ಎಂಬ ನಿಯಮ ಅದರ ಜೊತೆಗೇ ಬರಲಿಲ್ಲ, ನಿಧಾನಕ್ಕೆ ಬಂತು. 18ನೇ ಶತಮಾನದ ಮೊದಲ ಅರ್ಧದಲ್ಲಿ ಬರೆಯುತ್ತಿದ್ದ ಜರ್ಮನ್ ಸಂಗೀತಗಾರ ಬಾಖ್‌ನ ಹಸ್ತಪ್ರತಿಗಳಲ್ಲಿ ಒಂದೇ ಬಾರ್‌ನೊಳಗೆ ಅದೇ ಶಾರ್ಪ್ ಮತ್ತೆ ಮತ್ತೆ ಕಾಣುತ್ತದೆ. ಆ ಶತಮಾನ ಕಳೆಯುವಷ್ಟರಲ್ಲಿ ನಿಯಮ ನೆಲೆಯೂರಿತು. ಆದರೆ ಅದು ಬಾರ್‌ನ ಲೆಕ್ಕದ ನಿಯಮ. ಸಾಲಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಸಾಲು ದಾಟುವ ಟೈನ ವಿಷಯ ನಿಯಮದ ಹೊರಗೆ, ಮುದ್ರಕರ ವಿವೇಕಕ್ಕೆ ಬಿಟ್ಟ ವಿಷಯವಾಗಿ ಉಳಿಯಿತು.

ಮುದ್ರಕರಿಗೆ ಅದೇನೂ ಕಷ್ಟವಾಗಲಿಲ್ಲ. ತವರ ಮತ್ತು ಸೀಸದ ಮಿಶ್ರಲೋಹದ ತಗಡಿನ ಮೇಲೆ, ಎಡಬಲ ಅದಲು ಬದಲಾಗಿ, ಉಕ್ಕಿನ ಅಚ್ಚುಗಳನ್ನು ಬಡಿದು ಗುರುತು ಮೂಡಿಸುವ ಕೆಲಸ ಅವರದು. ತಪ್ಪಾದರೆ ತಗಡನ್ನು ಹಿಂದಿನಿಂದ ಬಡಿದು ಸಮ ಮಾಡಿ ಮತ್ತೆ ಕೆತ್ತಬೇಕು. ಹಾಗಾಗಿ ಮೊದಲ ಪೆಟ್ಟು ಬೀಳುವ ಮುಂಚೆಯೇ ಯಾವ ಸಾಲಿಗೆ ಎಷ್ಟು ಬಾರ್ ಅಂತ ಪೂರ್ತಿ ಲೆಕ್ಕ ಆಗಿರುತ್ತಿತ್ತು. ಸಾಲು ಎಲ್ಲಿ ಮುರಿಯುತ್ತದೆ ಅಂತ ಗೊತ್ತಿದ್ದವರಿಗೆ ಅಲ್ಲೊಂದು ಶಾರ್ಪ್ ಜಾಸ್ತಿ ಬಡಿಯುವುದು ಸಣ್ಣ ಕೆಲಸ ಅಲ್ವಾ?

ಕಂಪ್ಯೂಟರ್ ಈ ಕ್ರಮವನ್ನು ತಲೆಕೆಳಗು ಮಾಡಿತು. ಅಲ್ಲಿ ಮೊದಲು ಬರುವುದು ಸ್ವರಗಳು. ಸಾಲು ಎಲ್ಲಿ ಮುರಿಯಬೇಕು ಎಂಬುದು ಕೊನೆಗೆ ತೀರ್ಮಾನವಾಗುತ್ತದೆ, ಆಮೇಲೂ ಬದಲಾಗುತ್ತಲೇ ಇರುತ್ತದೆ.

ಮೊದಮೊದಲು ಈ ತೊಡಕು ಮುಖ ತೋರಿಸಲಿಲ್ಲ. 1960ರ ದಶಕದಲ್ಲಿ ಬಂದ ಡಾರ್ಮ್ಸ್ ಎಂಬ ಸಂಕೇತ ಪದ್ಧತಿ ಪುಟದಲ್ಲಿ ಏನು ಕಾಣುತ್ತದೋ ಅದನ್ನೇ ದಾಖಲಿಸುತ್ತಿತ್ತು. ಸ್ವರ ಯಾವ ಗೆರೆಯ ಮೇಲಿದೆ, ಪಕ್ಕದಲ್ಲಿ ಶಾರ್ಪ್ ಇದೆಯೋ ಇಲ್ಲವೋ, ಅಷ್ಟೇ. ಸ್ಟ್ಯಾನ್‌ಫರ್ಡ್‌ನಲ್ಲಿ ಲೆಲ್ಯಾಂಡ್ ಸ್ಮಿತ್ ಬೆಳೆಸಿದ ಸ್ಕೋರ್ ಎಂಬ ಸಾಫ್ಟ್‌ವೇರ್‌ನಲ್ಲೂ ಪ್ರತಿ ಗುರುತಿಗೆ ಅಂಕಿಗಳ ಒಂದು ಸಾಲು, ಪುಟದಲ್ಲಿ ಅದರ ಜಾಗ ಯಾವುದು ಅಂತ ಹೇಳಲು. ಕೂತು ಕೆಲಸ ಮಾಡುವವರು ಹೆಚ್ಚು ಕಡಿಮೆ ಹಳೆಯ ಕೆತ್ತನೆಗಾರರ ಹಾಗೆಯೇ ಯೋಚಿಸುತ್ತಿದ್ದರು.

1983ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಸಂಕೇತ ಪದ್ಧತಿ ಮಿಡಿ ಬಂತು. ಅದು ಕಾಗದದ ಗೊಡವೆಗೇ ಹೋಗಲಿಲ್ಲ, ನಾದವನ್ನಷ್ಟೇ ಹಿಡಿಯಿತು. ಮಿಡಿಯಲ್ಲಿ ಸಿ ಶಾರ್ಪ್ ಮತ್ತು ಡಿ ಫ್ಲಾಟ್ ಎರಡಕ್ಕೂ ಒಂದೇ ಸಂಖ್ಯೆ. ಗುರುತು ಯಾವುದು ಅಂತ ಸಾಫ್ಟ್‌ವೇರೇ ಊಹಿಸಬೇಕು. 1988ರಲ್ಲಿ ಫಿನಾಲೆ ಎಂಬ ನೊಟೇಶನ್ ಸಾಫ್ಟ್‌ವೇರ್ ಬಂತು, 1993ರಲ್ಲಿ ಸಿಬೇಲಿಯಸ್. ಈಗ ಪರದೆಯ ಮೇಲೆ ಒಂದು ಬಾರ್ ಸೇರಿಸಿದರೆ ಮುಂದಿನ ಸಾಲುಗಳೆಲ್ಲ ಜರುಗುತ್ತವೆ. ನಿನ್ನೆ ಸಾಲಿನ ಮೊದಲಲ್ಲಿದ್ದ ಸ್ವರ ಇಂದು ನಡು ಸಾಲಿಗೆ ಬಂದಿರುತ್ತದೆ.

ಇಂಥ ಕಡೆ ಶಾರ್ಪ್ ಬೇಕು ಅಂತ ಬಹಳ ಜನ ಕೈಯಿಂದಲೇ ಸೇರಿಸಿಕೊಂಡರು. ಅಲ್ಲಿಂದಲೇ ನಿಜವಾದ ಗೋಳು ಶುರು. ಕೈಯಿಂದ ಹಾಕಿದ ಶಾರ್ಪ್ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಸಾಲು ಜರುಗಿದಾಗ ಅದೂ ಜೊತೆಗೇ ಬರುತ್ತದೆ. ಈಗ ನಡು ಸಾಲಿನಲ್ಲಿ, ಟೈ ಹೊತ್ತ ಸ್ವರದ ಪಕ್ಕದಲ್ಲಿ, ಕಾರಣವೇ ಇಲ್ಲದ ಒಂದು ಶಾರ್ಪ್. ಓದುವವರು ಟೈಯನ್ನು ಸ್ಲರ್, ಅಂದರೆ ಬೇರೆ ಬೇರೆ ಸ್ವರಗಳನ್ನು ಜೋಡಿಸುವ ಅದೇ ಥರದ ಕಮಾನು, ಅಂದುಕೊಂಡು ಸ್ವರವನ್ನು ಮತ್ತೆ ನುಡಿಸಬಹುದು. 2005ರಲ್ಲಿ ಸಿಬೇಲಿಯಸ್ 4 ಎಲ್ಲ ವಾದ್ಯಗಳೂ ಒಟ್ಟಿಗೆ ಇರುವ ಪೂರ್ಣ ಸ್ಕೋರಿಗೂ ಒಬ್ಬೊಬ್ಬ ವಾದಕರ ಹಾಳೆಯಾದ ಪಾರ್ಟಿಗೂ ನಂಟು ಬೆಸೆಯಿತು. ಒಂದೇ ಸಂಗೀತ, ಆದರೆ ಸ್ಕೋರಿನಲ್ಲಿ ಸಾಲು ಒಂದು ಕಡೆ ಮುರಿಯುತ್ತದೆ, ಪಾರ್ಟಿನಲ್ಲಿ ಇನ್ನೊಂದು ಕಡೆ. ಸ್ಕೋರಿಗೆ ಬೇಕಾದ ಶಾರ್ಪ್ ಪಾರ್ಟಿಗೆ ಬೇಡ. ಪಾರ್ಟಿಗೆ ಬೇಕಾದದ್ದು ಸ್ಕೋರಿಗೆ ಬೇಡ.

ಈ ಶಾರ್ಪ್ ಸ್ವರಕ್ಕೆ ಸೇರಿದ್ದೇ ಅಲ್ಲ, ಸಾಲಿನ ಮುರಿತಕ್ಕೆ ಸೇರಿದ್ದು. ಇದು ಅರ್ಥವಾದರೆ ಮುಂದಿನದೆಲ್ಲ ಹಗುರ.

ಇದಕ್ಕೆ ತಕ್ಕ ಉಪಾಯ ಬಂದದ್ದು ಅಕ್ಷರ ಜೋಡಿಸುವವರ ಕಡೆಯಿಂದ. 1981ರಲ್ಲಿ ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ ಸಾಲು ಮುರಿಯುವ ವಿಧಾನವನ್ನು ಪ್ರಕಟಿಸಿದರು. ಕ್ನೂತ್ ರೂಪಿಸಿದ, ಪುಟಕ್ಕೆ ಅಕ್ಷರ ಜೋಡಿಸುವ ಟೆಕ್ ಸಾಫ್ಟ್‌ವೇರಿನಲ್ಲಿ ಮುರಿಯಬಹುದಾದ ಪ್ರತಿ ಜಾಗಕ್ಕೂ ಮೂರು ರೂಪ ಇಡಬಹುದು: ಮುರಿದರೆ ಸಾಲಿನ ಕೊನೆಗೆ ಏನು, ಮುಂದಿನ ಸಾಲಿನ ಮೊದಲಿಗೆ ಏನು, ಮುರಿಯದಿದ್ದರೆ ಏನು. ಹೈಫನ್ ಇದರ ಸರಳ ಉದಾಹರಣೆ, ಮುರಿದರೆ ಮಾತ್ರ ಅದು ಇರುತ್ತದೆ. ಜರ್ಮನ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಸಕ್ಕರೆಗೆ ಅವರ ಪದ ತ್ಸುಕರ್. ಅದರ ನಡುವೆ ಸಿ ಮತ್ತು ಕೆ ಅಕ್ಷರಗಳಿವೆ. 1996ರ ಕಾಗುಣಿತ ಸುಧಾರಣೆಗೆ ಮೊದಲು, ಪದ ಅಲ್ಲಿ ಮುರಿದರೆ ಸಿ ಹೋಗಿ ಎರಡು ಕೆ ಬರೆಯಬೇಕಿತ್ತು. ಸಾಲು ಮುರಿದದ್ದಕ್ಕೆ ಕಾಗುಣಿತವೇ ಬದಲು! ಹೊಸ ಸಾಲಿನ ನಮ್ಮ ಶಾರ್ಪ್ ಕೂಡ ಇದೇ ಜಾತಿಯದು.

ವಾಯೆಲ್ ಹೆಗಾಜಿ ಮತ್ತು ಜಾನ್ ಗೌರ್ಲೆ 1980ರ ದಶಕದ ಕೊನೆಯಲ್ಲಿ ಇದೇ ಬಗೆಯ ಲೆಕ್ಕವನ್ನು ಸಂಗೀತದ ಸಾಲುಗಳಿಗೆ ತಂದರು. ಇದು ಯಾಕೆ ಮುಖ್ಯ ಅಂದರೆ, ಗುರುತಿಗೂ ಅಗಲ ಇದೆ. ಮೊದಲು ಸಾಲು ಮುರಿದು, ಆಮೇಲೆ ಶಾರ್ಪ್ ತುರುಕಿದರೆ ಬಾರ್ ಅಗಲವಾಗುತ್ತದೆ. ಆಗ ಸಾಲಿನ ಕೊನೆಯ ಬಾರ್ ಹಿಡಿಸದೆ ಕೆಳಗೆ ಜಾರಬಹುದು. ಆ ಜಾಗ ಹೊಂದಿಸಲು ಮೇಲಿನ ಸಾಲುಗಳನ್ನು ಮತ್ತೆ ಕಟ್ಟಿದರೆ ನಮ್ಮ ಬಾರ್ ಮೇಲಿನ ಸಾಲಿಗೆ ಹೋಗಿಬಿಡಬಹುದು. ಆಗ ಶಾರ್ಪ್ ಬೇಡ. ಶಾರ್ಪ್ ತೆಗೆದರೆ ಬಾರ್ ಮತ್ತೆ ಕೆಳಗೆ. ಸಾಫ್ಟ್‌ವೇರ್ ಸುಮ್ನೆ ಹಿಂದೆ ಮುಂದೆ ಓಲಾಡುತ್ತಿರುತ್ತದೆ. ಪ್ರತಿ ಬಾರ್‌ಗೂ ಎರಡು ಅಗಲ ಮೊದಲೇ ಲೆಕ್ಕ ಹಾಕಿಟ್ಟರೆ, ಸಾಲಿನ ಮೊದಲಲ್ಲಿ ಇಷ್ಟು, ನಡುವೆ ಇಷ್ಟು ಅಂತ, ಈ ಓಲಾಟವೇ ಇಲ್ಲ. ಹೇಗೂ ಪ್ರತಿ ಸಾಲಿನ ಮೊದಲಿಗೆ ಯಾವ ಗೆರೆ ಯಾವ ಸ್ವರ ಅಂತ ಹೇಳುವ ಕ್ಲೆಫ್ ಮತ್ತು ಇಡೀ ಸಾಲಿಗೆ ಅನ್ವಯಿಸುವ ಶಾರ್ಪ್ ಫ್ಲಾಟ್‌ಗಳ ಗುಂಪಾದ ಕೀ ಸಿಗ್ನೇಚರ್ ಮತ್ತೆ ಬರುತ್ತವಲ್ಲ. ಶಾರ್ಪನ್ನೂ ಅವುಗಳ ಲೆಕ್ಕಕ್ಕೇ ಸೇರಿಸಿದರಾಯಿತು.

1996ರಲ್ಲಿ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ ಶುರು ಮಾಡಿದ ಲಿಲಿಪಾಂಡ್ ಎಂಬ ನೊಟೇಶನ್ ಸಾಫ್ಟ್‌ವೇರ್ ಈ ತೊಡಕನ್ನು ಬಿಡಿಸುವ ರೀತಿ ನನಗೆ ತುಂಬ ಇಷ್ಟ. ಅಲ್ಲಿ ಬರೆಯುವವರು ಸ್ವರವನ್ನು ಯಾವಾಗಲೂ ಪೂರ್ತಿ ಹೆಸರಿನಿಂದ ಬರೆಯುತ್ತಾರೆ. ಎಫ್ ಶಾರ್ಪ್ ಅಂದರೆ ಎಫ್ ಶಾರ್ಪ್, ಕಾಗದದಲ್ಲಿ ಗುರುತು ಕಾಣಲಿ, ಕಾಣದಿರಲಿ. ಗುರುತು ಹಾಕುವ ಹೊಣೆ ಸಾಫ್ಟ್‌ವೇರಿನದು. ಟೈ ಬಾರ್ ದಾಟಿದಲ್ಲಿ ಅದು ಶಾರ್ಪನ್ನು ಮೊದಲೇ ತಯಾರು ಮಾಡಿಟ್ಟುಕೊಳ್ಳುತ್ತದೆ. ಸಾಲುಗಳು ತೀರ್ಮಾನವಾದ ಮೇಲೆ, ಟೈ ಮುರಿಯದೆ ಉಳಿದ ಕಡೆಯೆಲ್ಲ ಆ ಶಾರ್ಪನ್ನು ಅಳಿಸುತ್ತದೆ. ಮುರಿದ ಕಡೆ ಮಾತ್ರ ಉಳಿಸುತ್ತದೆ. ಬೇಡ ಅನ್ನುವವರಿಗೆ ಅಲ್ಲೂ ಮರೆಮಾಡಲು ಒಂದು ಆಯ್ಕೆ ಇದೆ. ಆದರೆ ತಾನಾಗಿ ಮಾಡುವುದು ತೋರಿಸುವ ಕೆಲಸವನ್ನೇ.

ಇಲ್ಲಿಗೆ ಎಲ್ಲ ಮುಗಿಯಿತು ಅನ್ನುವ ಹಾಗಿಲ್ಲ. ಹೊಸ ಸಾಲಿನಲ್ಲಿ ಟೈ ಹೊತ್ತ ಎಫ್‌ಗೆ ಶಾರ್ಪ್ ತೋರಿಸಿದಿರಿ. ಅದೇ ಬಾರ್‌ನಲ್ಲಿ ಮುಂದೆ ಇನ್ನೊಂದು ಎಫ್ ಇದೆ, ಗುರುತಿಲ್ಲದೆ. ಇದು ಯಾವ ಎಫ್? ಟೈನ ನಿಯಮ ಕೇಳಿದರೆ ಬರೀ ಎಫ್, ಏಕೆಂದರೆ ಶಾರ್ಪ್ ಟೈ ಮುಗಿದಲ್ಲಿಗೆ ಮುಗಿಯಿತು. ಕಣ್ಣನ್ನು ಕೇಳಿದರೆ ಎಫ್ ಶಾರ್ಪ್, ಏಕೆಂದರೆ ಬಾರ್‌ನ ಮೊದಲಲ್ಲೇ ಶಾರ್ಪ್ ಕಾಣುತ್ತಿದೆಯಲ್ಲ! ನೆನಪಿಸಲು ಹಾಕಿದ ಗುರುತೇ ಹೊಸ ಗೊಂದಲ ಹುಟ್ಟಿಸಿತು. ಇದಕ್ಕೆ ಕೆಲವರು ನೆನಪಿನ ಶಾರ್ಪನ್ನು ಕಂಸದೊಳಗೆ ಇಡುತ್ತಾರೆ. ಅದು ಒಳ್ಳೆಯದೇ, ಆದರೆ ನನ್ನ ಪ್ರಕಾರ ಸಾಲದು. ಮುಂದಿನ ಎಫ್‌ಗೂ ಅದರದೇ ಗುರುತು ಬೇಕು. ಎಫ್ ಆದರೆ ನ್ಯಾಚುರಲ್, ಎಫ್ ಶಾರ್ಪ್ ಆದರೆ ಇನ್ನೊಂದು ಶಾರ್ಪ್. ಒಂದು ಗುರುತು ಜಾಸ್ತಿಯಾದರೆ ಓದು ಕೆಡುವುದಿಲ್ಲ, ಕಡಿಮೆಯಾದರೆ ಕೆಡುತ್ತದೆ.

ಬಾರ್‌ನ ನಡುವೆಯೇ ಸಾಲು ಮುರಿದರೆ ಸಂಗತಿ ಇನ್ನೊಂದು ಥರ. ಒಬ್ಬರೇ ತಾಳದ ಹಂಗಿಲ್ಲದೆ ನುಡಿಸುವ ಉದ್ದನೆಯ ಭಾಗಗಳಾದ ಕೆಡೆನ್ಸಾಗಳಲ್ಲಿ ಹೀಗಾಗುತ್ತದೆ. ಕಾಣದ ಬಾರ್ ಗೆರೆ ಹಾಕಿ ಸಾಲು ಮುರಿಯುವುದು ರೂಢಿ. ಬಾರನ್ನು ನಿಜಕ್ಕೂ ಎರಡು ಮಾಡುವ ಸಾಫ್ಟ್‌ವೇರ್ ಹೊಸ ಬಾರ್ ಬಂತು ಅಂತ ಆಕ್ಸಿಡೆಂಟಲ್‌ಗಳನ್ನೆಲ್ಲ ಮರೆತುಬಿಡುತ್ತದೆ. ಲಿಲಿಪಾಂಡ್‌ನ ಕೆಡೆನ್ಸಾದಲ್ಲಿ ಇದರ ಉಲ್ಟಾ: ಕಾಣುವ ಬಾರ್ ಗೆರೆ ಹಾಕಿದರೂ ಅದರ ಪಾಲಿಗೆ ಬಾರ್ ಮುಗಿದಿಲ್ಲ. ಗೆರೆಯಾಚೆಗೂ ಹಳೆಯ ಶಾರ್ಪ್ ನಡೆಯುತ್ತಿದೆ ಅಂದುಕೊಳ್ಳುತ್ತದೆ. ನೆನಪಿನ ಗುರುತನ್ನು ಬರೆಯುವವರೇ ಕೇಳಿ ಹಾಕಿಸಿಕೊಳ್ಳಬೇಕು.

ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಂಗೀತ ಸಾಗಿಸುವಾಗಲೂ ಇದೇ ಪ್ರಶ್ನೆ ಎದ್ದಿತು. 2004ರಲ್ಲಿ ಮೈಕೆಲ್ ಗುಡ್ ಹೊರತಂದ, ಸಂಗೀತ ಸಾಗಿಸಲೆಂದೇ ಇರುವ ಕಡತ ರೂಪ ಮ್ಯೂಸಿಕ್‌ಎಕ್ಸ್‌ಎಂಎಲ್ 1.0 ಎರಡನ್ನೂ ಬೇರೆ ಬೇರೆ ಬರೆದಿಡುತ್ತದೆ. ಸ್ವರ ಎಷ್ಟು ಏರಿದೆ ಎಂಬುದು ಒಂದು ಕಡೆ, ಕಾಗದದಲ್ಲಿ ಗುರುತು ಕಾಣುತ್ತದೆಯೇ ಎಂಬುದು ಇನ್ನೊಂದು ಕಡೆ. ಸರಿಯಾದ ಯೋಚನೆ. ಆದರೆ ಹೊಸ ಸಾಲಿಗಾಗಿ ತೋರಿಸಿದ ಶಾರ್ಪ್ ಕಡತದೊಳಗೆ ಕಾಣುವ ಗುರುತಾಗಿ ಸೇರಿಕೊಂಡರೆ, ಬೇರೆ ಅಗಲದ ಪುಟದಲ್ಲಿ ತೆರೆದಾಗ ಅದು ಮತ್ತೆ ನಡು ಸಾಲಿನಲ್ಲಿ ಬಂದು ಕೂರುತ್ತದೆ. 2024ರ ಆಗಸ್ಟ್‌ನಲ್ಲಿ ಫಿನಾಲೆಯ ಬೆಳವಣಿಗೆ ನಿಲ್ಲಿಸುವ ಘೋಷಣೆ ಬಂತು. ಹಳೆಯ ಕಡತಗಳನ್ನು ಬೇರೆ ಸಾಫ್ಟ್‌ವೇರಿಗೆ ಸಾಗಿಸುವ ಕೆಲಸ ಆಗ ಬಹಳ ಜನರ ಹೆಗಲಿಗೆ ಬಿತ್ತು. ಹಾಗೆ ಸಾಗಿಸುವವರು ಸಾಲು ದಾಟುವ ಟೈಗಳನ್ನೆಲ್ಲ ಒಮ್ಮೆ ಕಣ್ಣಾರೆ ನೋಡಲೇಬೇಕು.

ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ ಅಂತ ತಿಳಿಯಲು ಎರಡು ನಿಮಿಷ ಸಾಕು. ಎಫ್ ಶಾರ್ಪ್ ಒಂದನ್ನು ಟೈ ಹಾಕಿ ಮುಂದಿನ ಬಾರ್‌ಗೆ ಎಳೆಯಿರಿ. ಅದೇ ಬಾರ್‌ನಲ್ಲಿ ಮುಂದೆ ಬರೀ ಎಫ್ ಒಂದನ್ನು ಬರೆಯಿರಿ. ಎರಡು ಬಾರ್‌ಗಳ ನಡುವೆ ಸಾಲು ಮುರಿಯಿರಿ, ನೋಡಿ. ಆಮೇಲೆ ಆ ಮುರಿತ ತೆಗೆದು, ಪುಟವನ್ನು ಅಡ್ಡಕ್ಕೆ ತಿರುಗಿಸಿ, ಎರಡೂ ಬಾರ್ ಒಂದೇ ಸಾಲಿಗೆ ಬಂದಾಗ ಇನ್ನೊಮ್ಮೆ ನೋಡಿ. ಟೈ ಹೊತ್ತ ಸ್ವರದ ಶಾರ್ಪ್ ಮೊದಲ ಸಲ ಕಾಣಬೇಕು, ಎರಡನೇ ಸಲ ಕಾಣಬಾರದು. ಬರೀ ಎಫ್‌ನ ಪಕ್ಕದ ನ್ಯಾಚುರಲ್ ಮಾತ್ರ ಎರಡು ಸಲವೂ ಇರಬೇಕು.